ಗಣಿ ಮುಚ್ಚಿದ್ದು ಸರ್ಕಾರ, ಮನೆ ಬಿಟ್ಟಿದ್ದು ಅಪ್ಪ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಮ್ಮ ಕೆಜಿಎಫ್, ಅಂದ್ರೆ ಕೋಲಾರ ಚಿನ್ನದ ಗಣಿ ಊರಿನ, ಕಾರ್ಮಿಕರ ಲೈನ್ ಮನೆಗಳಲ್ಲೇ ತೆಗೆದಿರೋ ಆ ಸಣ್ಣ ಬಜೆಟ್ ಸಿನಿಮಾ ಬಗ್ಗೆ ನಿಮ್ಮ ಪೇಪರಲ್ಲಿ ಬಂದಿದ್ದ ವಿಮರ್ಶೆ ಓದಿದೆ. ಬರೆದವರಿಗೆ ಎರಡು ತಕರಾರು. ಒಂದು, ಸಿನಿಮಾ ಪೂರ್ತಿ ಕತ್ತಲು, ಎರಡು ಗಂಟೆ ಕೂತ್ರೂ ಎಲ್ಲೂ ನಗು ಬರಲ್ಲ, ಆಶಾಕಿರಣ ಅನ್ನೋದೇ ಇಲ್ಲ. ಇನ್ನೊಂದು, ಹೆಂಡ್ತಿ ಮಕ್ಕಳನ್ನ ಬಿಟ್ಟು ಹೋದ ಗಂಡಸರ ಮೇಲೆ ಡೈರೆಕ್ಟರ್‌ಗೆ ಒಂಚೂರೂ ಕರುಣೆ ಇಲ್ಲ, ಅವರೂ ಮುಚ್ಚಿಹೋದ ಗಣಿಯ ಬಲಿಪಶುಗಳೇ ತಾನೇ, ಅಪರಾಧಿ ಊರಿನ ಪರಿಸ್ಥಿತಿ, ಅಪ್ಪಂದಿರಲ್ಲ ಅಂತ. ಮೊದಲನೇದು ಅವರವರ ಟೇಸ್ಟು, ಅದಕ್ಕೆ ನನ್ನ ಜಗಳ ಇಲ್ಲ. ಎರಡನೇ ಮಾತಿಗೆ ಮಾತ್ರ ಉತ್ತರ ಕೊಡ್ಲೇಬೇಕು ಅನ್ನಿಸ್ತು, ಯಾಕಂದ್ರೆ ಇದೇ ಮಾತನ್ನ ಬಿಟ್ಟು ಹೋದವರ ಬಾಯಲ್ಲೇ ನಾನು ಎಷ್ಟೋ ಸಲ ಕೇಳಿದೀನಿ.

ನಾನು ಈ ಕಡೆಯವಳೇ, ಕೋರ್ಟ್ ಹತ್ರ ಒಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಕೊಂಡಿದೀನಿ. ಲಾಯರ್‌ಗಳು ಕೈಯಲ್ಲಿ ಬರೆದು ಕೊಡೋದನ್ನ ಟೈಪ್ ಮಾಡಿ ಕೊಡೋದು ಕೆಲಸ. ಜಮೀನು ತಕರಾರು, ಚೆಕ್ ಬೌನ್ಸು, ಪಾಲು ಪಾರಿಖತ್ತು ಎಲ್ಲ ಬರುತ್ತೆ, ಅದರ ಜೊತೆಗೆ ಮೇಂಟೆನೆನ್ಸ್ (ಜೀವನಾಂಶ) ಅರ್ಜಿ, ಅದಂತೂ ನಿಂತಿದ್ದೇ ಇಲ್ಲ. ಎದುರುದಾರರು ಅರ್ಜಿದಾರಳನ್ನೂ ಅಪ್ರಾಪ್ತ ಮಕ್ಕಳನ್ನೂ ಯಾವುದೇ ಸಕಾರಣವಿಲ್ಲದೆ ತೊರೆದು ಹೋಗಿರುತ್ತಾರೆ, ಈ ಸಾಲು ಸ್ಕ್ರೀನ್ ನೋಡ್ದೇನೇ ಹೊಡೀತೀನಿ, ಬೆರಳಿಗೇ ಬಾಯಿಪಾಠ ಆಗ್ಬಿಟ್ಟಿದೆ. ಆ ಸಕಾರಣವನ್ನ ನಿಮ್ಮ ವಿಮರ್ಶಕರು ಈಗ ಹುಡುಕಿ ಕೊಟ್ಟಿದಾರೆ ನೋಡಿ, ಗಣಿ ಮುಚ್ತಲ್ಲ, ಪಾಪ ಏನ್ ಮಾಡ್ತಾನೆ ಅಂತ.

ಸರಿ, ಗಣಿ ವಿಷಯಕ್ಕೇ ಬರೋಣ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲೆಂಡಿನ ಕಂಪನಿ ಕೈಗೆ ಹೋಗಿ ಶುರುವಾದ ದೊಡ್ಡ ಗಣಿಗಾರಿಕೆ ಇದು, 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂತು, ಬೆಂಗಳೂರಿನ ಬೀದಿಗೆ ದೀಪ ಬರೋಕೆ ಮುಂಚೆ. 1956ರಲ್ಲಿ ಮೈಸೂರು ಸರ್ಕಾರ ತಗೊಂಡ್ತು, 1962ರಲ್ಲಿ ಕೇಂದ್ರಕ್ಕೆ ಹೋಯ್ತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅಂತ ಆಯ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಜಾಸ್ತಿ ಆಳ ಹೋಗಿತ್ತು, ಇಳೀತಾ ಇಳೀತಾ ಖರ್ಚು ಜಾಸ್ತಿ ಆಯ್ತು, ಕಲ್ಲಲ್ಲಿ ಚಿನ್ನ ಕಮ್ಮಿ ಆಯ್ತು, ಒಂದು ಗ್ರಾಂ ತೆಗೆಯೋ ಖರ್ಚು ಅದನ್ನ ಮಾರಿದ್ರೆ ಬರೋ ದುಡ್ಡಿಗಿಂತ ಮೇಲೆ ಹೋಯ್ತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದ್ರು. ಒಟ್ಟು 800 ಟನ್‌ಗಿಂತ ಜಾಸ್ತಿ ಚಿನ್ನ ತೆಗೆದ ಊರಲ್ಲಿ ಮಿಕ್ಕಿದ್ದು ಸೈನೈಡ್ ಗುಡ್ಡಗಳು (ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ರಾಶಿ), ಗಾಳಿ ಬಂದಾಗ ಅದರ ಧೂಳು, ಆಮೇಲೆ ಕೆಲವರ ಎದೆಯಲ್ಲಿ ಕೂತಿರೋ ಕಲ್ಲಿನ ಧೂಳು. ಸೆಟ್ಲ್‌ಮೆಂಟ್ ದುಡ್ಡಿಗೆ ಜನ ಅಲೆದಿದ್ದು, ಕೋರ್ಟ್ ಮೆಟ್ಟಿಲು ಹತ್ತಿದ್ದು, ಕ್ವಾರ್ಟರ್ಸ್ ನಮ್ಮ ಹೆಸರಿಗೆ ಮಾಡಿ ಅಂತ ವರ್ಷಗಟ್ಟಲೆ ಧರಣಿ ಕೂತಿದ್ದು, ಇದೆಲ್ಲ ನಿಮ್ಮ ಪೇಪರಲ್ಲೂ ಬಂದಿದೆ. 1964ರಿಂದ ಬೆಮೆಲ್ ಕಾರ್ಖಾನೆ ಇದೆ ನಿಜ, ಆದ್ರೆ ಗಣಿಯಿಂದ ಹೊರಗೆ ಬಿದ್ದವರನ್ನೆಲ್ಲ ಅದು ಎಲ್ಲಿ ಸೇರಿಸ್ಕೊಳ್ಳುತ್ತೆ.

ಹಾಗಾಗಿ ಊರು ಬಿಟ್ಟು ಕೆಲಸಕ್ಕೆ ಹೋಗಿದ್ದಕ್ಕೆ ಕಾರಣ ಗಣಿ, ಒಪ್ಕೊಂಡೆ. ಅದನ್ನ ಒಪ್ಪದೇ ಇರೋರು ಇಲ್ಲಿ ಯಾರೂ ಇಲ್ಲ. ನನ್ನ ಪ್ರಶ್ನೆ ಅದಲ್ಲ. ಹೋದವನು ವಾಪಸ್ ಯಾಕೆ ಬರ್ಲಿಲ್ಲ, ದುಡ್ಡು ಯಾಕೆ ಕಳಿಸ್ಲಿಲ್ಲ, ಫೋನ್ ನಂಬರ್ ಯಾಕೆ ಬದಲಾಯಿಸ್ದ, ಇದಕ್ಕೂ ಗಣಿನೇ ಕಾರಣನಾ?

ಇದಕ್ಕೆ ಉತ್ತರ ಬೇಕಿದ್ರೆ ನಿಮ್ಮ ವಿಮರ್ಶಕರು ಒಂದು ದಿನ ಬೆಳಗಿನ ಜಾವ ಮಾರಿಕುಪ್ಪಂ ಸ್ಟೇಷನ್‌ಗೆ ಬರ್ಲಿ. ಇನ್ನೂ ಕತ್ತಲಿರುವಾಗ್ಲೇ ಟ್ರೈನ್ ಹೊರಡುತ್ತೆ, ಚಾಂಪಿಯನ್, ಊರ್ಗಾಂ, ಕೋರಮಂಡಲ್, ಒಂದೊಂದು ಸ್ಟೇಷನ್‌ನಲ್ಲೂ ಜನ ಹತ್ತುತ್ತಾರೆ, ಬಂಗಾರಪೇಟೆಗೆ ಬರೋಷ್ಟರಲ್ಲಿ ಸೀಟಿಲ್ಲ, ಮಾಲೂರಲ್ಲಿ ನಿಲ್ಲಕ್ಕೂ ಜಾಗ ಇಲ್ಲ. ಟವೆಲ್ ಹಾಕಿ ಸೀಟು ಹಿಡಿಯೋರು, ಇಸ್ಪೀಟ್ ಆಡೋರು, ನಿಂತ್ಕೊಂಡೇ ನಿದ್ದೆ ಮಾಡೋರು, ಪೇಪರ್ ಓದೋರು (ನಿಮ್ಮದೇ ಪೇಪರ್, ಒಂದು ಕಾಪಿ ನಾಲ್ಕು ಜನ ಹರಿದು ಹಂಚ್ಕೊಂಡು). ವೈಟ್‌ಫೀಲ್ಡ್, ಕೆ.ಆರ್.ಪುರ, ಕಂಟೋನ್ಮೆಂಟ್ ಅಂತ ಇಳ್ಕೊಂಡು ಸೆಕ್ಯೂರಿಟಿ, ವೆಲ್ಡಿಂಗ್, ಹೌಸ್‌ಕೀಪಿಂಗ್, ಕೊರಿಯರ್, ಆಸ್ಪತ್ರೆ ವಾರ್ಡ್ ಕೆಲಸ ಅಂತ ಚದುರಿ ಹೋಗ್ತಾರೆ, ರಾತ್ರಿ ಅದೇ ಟ್ರೈನ್ ಹಿಡಿದು ವಾಪಸ್ ಬರ್ತಾರೆ. ಹತ್ತಿರ ಹತ್ತಿರ ನೂರು ಕಿಲೋಮೀಟರ್ ಹೋಗಿ, ಮತ್ತೆ ಅಷ್ಟೇ ಬಂದು, ಊಟ ಮಾಡಿ ಮಲಗಿ ಎದ್ದು ಮತ್ತೆ ಟ್ರೈನು. ಗಣಿ ಮುಚ್ಚಿದ ಮೇಲೂ ಇಷ್ಟು ವರ್ಷ ಸಾವಿರಾರು ಜನ ಅಪ್ಪಂದಿರು ಹೀಗೆ ಮನೆಗೆ ಬರ್ತಾನೇ ಇದಾರೆ. ಅವರಿಗೂ ಅದೇ ಗಣಿ ಮುಚ್ಚಿದ್ದು, ಅವರಿಗೂ ಅದೇ ಸಾಲ, ಅದೇ ಸೋರೋ ಲೈನ್ ಮನೆ. ಪರಿಸ್ಥಿತಿನೇ ಅಪರಾಧಿ ಅಂದ್ರೆ ದಿನಾ ರಾತ್ರಿ ಬಂದು ಇಳಿಯೋರನ್ನ ಏನಂತ ಕರೀತೀರಿ, ಅವರು ಮಾಡ್ತಿರೋದು ಲೆಕ್ಕಕ್ಕೇ ಇಲ್ವಾ? ಬಿಟ್ಟು ಹೋದವನಿಗೆ ಕರುಣೆ ತೋರಿಸೋ ಭರದಲ್ಲಿ ವಾಪಸ್ ಬರೋನಿಗೆ ಅವಮಾನ ಮಾಡ್ತಿದೀವಿ ಅನ್ನೋದು ಹೊಳೆಯೋದೇ ಇಲ್ಲ ಕೆಲವರಿಗೆ.

ಆ ಡೈರೆಕ್ಟರ್ ಮಾಡಿರೋ ದೊಡ್ಡ ಕೆಲಸ ಅಂದ್ರೆ ಇದೇ, ಊರು ಸಾಯೋದನ್ನೂ ಅಪ್ಪ ಬಿಟ್ಟು ಹೋಗೋದನ್ನೂ ಒಂದೇ ಗಂಟು ಕಟ್ಟಿಲ್ಲ. ಅವನು ಹೊರಟು ಹೋಗೋ ಸೀನೇ ಸಿನಿಮಾದಲ್ಲಿಲ್ಲ, ಗಮನಿಸಿದ್ರಾ? ಬೇರೆ ಯಾರಾದ್ರೂ ಆಗಿದ್ರೆ ಒಂದು ಮಳೆ, ಒಂದು ಬಸ್ಸು, ಕಿಟಕಿ ಪಕ್ಕ ಅಳ್ತಿರೋ ಗಂಡಸು, ಹಿಂದೆ ಓಡಿಬರೋ ಮಗು, ಹಿನ್ನೆಲೆಯಲ್ಲಿ ಪಿಟೀಲು, ಇಷ್ಟೂ ಹಾಕಿರೋರು. ನಿಜವಾಗ್ಲೂ ಯಾರೂ ಹಾಗೆ ಬಿಟ್ಟು ಹೋಗಲ್ಲ. ಫ್ರಿಜ್ ತಗೊಂಡ ಹಾಗೆ ಕಂತಿನಲ್ಲಿ ಬಿಡ್ತಾರೆ. ಮೊದ್ಲು ದಿನಾ ಟ್ರೈನ್ ಓಡಾಟ ಕಷ್ಟ ಅಂತ ಬೆಂಗಳೂರಲ್ಲಿ ನಾಲ್ಕು ಜನ ಸೇರಿ ರೂಮ್ ಮಾಡ್ತಾರೆ, ಶನಿವಾರ ಬರ್ತಾರೆ. ಆಮೇಲೆ ಓಟಿ ಇದೆ ಅಂತ ಹದಿನೈದು ದಿನಕ್ಕೊಂದ್ಸಲ. ಆಮೇಲೆ ಕೆಲಸ ಹೊಸೂರಲ್ಲೋ ತಿರುಪ್ಪೂರಲ್ಲೋ ಅಂತ ಹಬ್ಬಕ್ಕೆ ಮಾತ್ರ. ದುಡ್ಡು ಐದು ಸಾವಿರ ಇದ್ದದ್ದು ಮೂರು ಆಗುತ್ತೆ, ಮೂರು ಒಂದೂವರೆ ಆಗುತ್ತೆ, ಆಮೇಲೆ ಈ ತಿಂಗಳು ಅಡ್ಜಸ್ಟ್ ಮಾಡ್ಕೋ ಅನ್ನೋ ಮಾತು ಬರುತ್ತೆ, ಒಂದಿನ ಫೋನ್ ಸ್ವಿಚ್ಡ್ ಆಫ್. ಅವನು ಯಾವತ್ತು ಬಿಟ್ಟು ಹೋದ ಅಂತ ಅರ್ಜಿಯಲ್ಲಿ ಒಂದು ತಾರೀಖು ಹಾಕ್ಬೇಕು, ಹೆಂಗಸ್ರು ಅಲ್ಲೇ ನಿಂತ್ಬಿಡ್ತಾರೆ, ಯಾವ ತಾರೀಖು ಬರೆಸೋದು ಅಂತ. ಆ ಸಿನಿಮಾದಲ್ಲಿ ಗೋಡೆಗೆ ತಗುಲಿಹಾಕಿರೋ ಅವನ ಬಟ್ಟೆ ಒಂದೊಂದಾಗಿ ಕಮ್ಮಿ ಆಗುತ್ತೆ ಬಿಟ್ರೆ ಬೇರೇನೂ ತೋರಿಸಲ್ಲ. ನಿಮ್ಮ ವಿಮರ್ಶಕರು ಇದನ್ನ ನಿಧಾನ ಗತಿ ಅಂತ ಬರೆದಿದಾರೆ.

ನನಗೆ ತುಂಬಾ ಹಿಡಿಸಿದ್ದು ಬೈಕ್ ಸೀನು. ಬಾಡಿಗೆ, ಸ್ಕೂಲ್ ಫೀಸು ಸೇರಿ ಕುತ್ತಿಗೆಗೆ ಬಂದಾಗ ಆ ಹೆಂಗಸು ಅವನು ಬಿಟ್ಟು ಹೋದ ಬೈಕ್ ಮಾರಕ್ಕೆ ಹೋಗ್ತಾಳೆ, ಅಂಗಡಿಯವನು ಆರ್‌ಸಿ ನೋಡಿ ಓನರ್ ಸೈನ್ ಬೇಕಲ್ಲಮ್ಮಾ ಅಂತಾನೆ, ಅವಳು ಒಂದು ಮಾತೂ ಆಡದೆ ಬೈಕ್ ತಳ್ಕೊಂಡು ವಾಪಸ್ ಬರ್ತಾಳೆ, ಏರು ರಸ್ತೆ, ಕ್ಯಾಮರಾ ಹಿಂದಿಂದ ಸುಮ್ನೆ ಬರುತ್ತೆ. ಅಷ್ಟೇ ಸೀನು. ನನ್ನ ಪಕ್ಕ ಕೂತಿದ್ದೋರು ಏನಪ್ಪಾ ಇದು ಅಂತ ಮೊಬೈಲ್ ತೆಗೆದ್ರು. ಆದ್ರೆ ಬಿಟ್ಟು ಹೋಗೋದು ಅಂದ್ರೆ ಇದೇ ಸಾರ್, ಮನುಷ್ಯ ಹೋಗ್ತಾನೆ, ಅವನ ಹೆಸರು ಹೋಗಲ್ಲ. ಗ್ಯಾಸ್ ಕನೆಕ್ಷನ್ ಅವನ ಹೆಸರಲ್ಲಿ, ಕರೆಂಟ್ ಬಿಲ್ ಅವರಪ್ಪನ ಹೆಸರಲ್ಲಿ, ಕ್ವಾರ್ಟರ್ಸ್ ಕಾಗದ ಅವನ ತಾತನ ಹೆಸರಲ್ಲಿ. ಮಗು ಸ್ಕಾಲರ್‌ಶಿಪ್ಪಿಗೆ ಅಪ್ಪನ ಆದಾಯ, ಜಾತಿ ಸರ್ಟಿಫಿಕೇಟಿಗೆ ಅಪ್ಪನ ದಾಖಲೆ. ಸತ್ತಿದ್ರೆ ಡೆತ್ ಸರ್ಟಿಫಿಕೇಟ್ ಇಟ್ಟು ಎಲ್ಲ ಬದಲಾಯಿಸ್ಕೋಬಹುದಿತ್ತು, ವಿಧವಾ ವೇತನ ಆದ್ರೂ ಬರ್ತಿತ್ತು, ಬದುಕಿರೋನು ಬಿಟ್ಟು ಹೋದ್ರೆ ಯಾವ ಸರ್ಟಿಫಿಕೇಟ್ ಕೊಡ್ತಾರೆ? ಏಳು ವರ್ಷ ಯಾರಿಗೂ ಸುದ್ದಿ ಇಲ್ದಿದ್ರೆ ಸತ್ತ ಅಂತ ಕಾನೂನು ಭಾವಿಸುತ್ತೆ ನಿಜ, ಆದ್ರೆ ಅವನ ಸುದ್ದಿ ಎಲ್ಲರಿಗೂ ಇರುತ್ತಲ್ಲ, ಅದನ್ನ ಆಮೇಲೆ ಹೇಳ್ತೀನಿ.

ಎಲ್ಲಾ ಬಾಗಿಲೂ ಮುಚ್ಚಿದೆ ಅಂತನೂ ಅಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಬಂದ್ಮೇಲೆ ರೇಷನ್ ಕಾರ್ಡಲ್ಲಿ ಮನೆಯ ದೊಡ್ಡ ಹೆಂಗಸೇ ಯಜಮಾನಿ, ಅದರಿಂದನೇ ಈಗ ಗೃಹಲಕ್ಷ್ಮಿ ಎರಡು ಸಾವಿರ ಅವಳ ಅಕೌಂಟಿಗೇ ಬೀಳೋದು. ಪಾಸ್‌ಪೋರ್ಟಿಗೆ 2016ರ ಕೊನೆಯಿಂದ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಸಾಕು, ಪ್ಯಾನ್ ಕಾರ್ಡಿಗೆ 2018ರ ಡಿಸೆಂಬರ್‌ನಿಂದ ತಾಯಿ ಒಬ್ಬಳೇ ಸಾಕ್ತಿದ್ರೆ ಅಪ್ಪನ ಹೆಸರು ಕಡ್ಡಾಯ ಅಲ್ಲ. ಇದು ಎಷ್ಟು ಜನಕ್ಕೆ ಗೊತ್ತು? ಕೌಂಟರಲ್ಲಿ ಕೂತಿರೋರಿಗೇ ಎಷ್ಟೋ ಸಲ ಗೊತ್ತಿರಲ್ಲ, ಫಾರಂನಲ್ಲಿ ಕಾಲಂ ಇದೆ ತುಂಬಿಸಿ ಅಂತಾರೆ.

ಇನ್ನು ಮೇಂಟೆನೆನ್ಸ್ ಕೇಸ್. ಇದರ ಬಗ್ಗೆ ಸ್ವಲ್ಪ ಬಿಡಿಸಿ ಬರೀತೀನಿ, ನಿಮ್ಮ ಪೇಪರ್ ಓದೋ ಯಾವುದಾದ್ರೂ ಹೆಣ್ಣುಮಗಳಿಗೆ ಉಪಯೋಗ ಆಗ್ಬಹುದು. ಮುಂಚೆ ಸಿಆರ್‌ಪಿಸಿ (1973ರ ಕ್ರಿಮಿನಲ್ ಪ್ರೊಸೀಜರ್ ಕೋಡ್) ಸೆಕ್ಷನ್ 125 ಅಂತಿದ್ವಿ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್ ಸೆಕ್ಷನ್ 144, ನಂಬರ್ ಬದಲಾಯ್ತು, ವಿಷಯ ಹೆಚ್ಚುಕಮ್ಮಿ ಅದೇ. ದುಡಿಯೋ ತಾಕತ್ತಿದ್ದೂ ಹೆಂಡತಿ ಮಕ್ಕಳನ್ನ ನೋಡ್ಕೊಳ್ದೇ ಇರೋನು ತಿಂಗಳು ತಿಂಗಳು ದುಡ್ಡು ಕೊಡ್ಬೇಕು ಅಂತ ಮ್ಯಾಜಿಸ್ಟ್ರೇಟೋ ಫ್ಯಾಮಿಲಿ ಕೋರ್ಟೋ ಆರ್ಡರ್ ಮಾಡಬಹುದು, ಕೇಸ್ ಹಾಕಕ್ಕೆ ಅವನಿರೋ ಊರಿಗೆ ಹುಡುಕ್ಕೊಂಡು ಹೋಗ್ಬೇಕಾಗಿಲ್ಲ, ಅವಳಿರೋ ಊರಲ್ಲೇ ಹಾಕಬಹುದು. ಒಂದು ವಿಚಿತ್ರ ನೋಡಿ, 1973ರ ಕಾನೂನಲ್ಲಿ ಈ ಸೆಕ್ಷನ್ ಕೆಳಗೆ ಎಷ್ಟೇ ಕೇಳಿದ್ರೂ ತಿಂಗಳಿಗೆ 500 ರೂಪಾಯಿ ಮೇಲೆ ಕೊಡೋ ಹಾಗಿರಲಿಲ್ಲ, ಆ ಮಿತಿ ತೆಗೆದಿದ್ದು 2001ರಲ್ಲಿ, ಅಂದ್ರೆ ಗಣಿ ಮುಚ್ಚಿದ ವರ್ಷವೇ. ಅದೇ ತಿದ್ದುಪಡಿಯಲ್ಲಿ ಮಧ್ಯಂತರ ಮೇಂಟೆನೆನ್ಸ್ ಅರ್ಜಿಯನ್ನ ಸಾಧ್ಯವಾದಷ್ಟು ಮಟ್ಟಿಗೆ ನೋಟಿಸ್ ತಲುಪಿದ 60 ದಿನದಲ್ಲಿ ಮುಗಿಸ್ಬೇಕು ಅಂತನೂ ಬಂತು. ನೋಟಿಸ್ ತಲುಪಿದ 60 ದಿನ, ಅಲ್ಲೇ ಇರೋದು ಆಟ. ತಲುಪಿದ್ರೆ ತಾನೇ? ವಿಳಾಸದಾರರು ಇಲ್ಲ, ಮನೆ ಖಾಲಿ ಮಾಡಿದ್ದಾರೆ, ಬಾಗಿಲು ಹಾಕಿದೆ ಅಂತ ಷರಾ ಬರೆಸ್ಕೊಂಡು ವಾಪಸ್ ಬರುತ್ತೆ, ವಾಯಿದೆ ಮುಂದಕ್ಕೆ ಹೋಗುತ್ತೆ, ಅವಳು ಅವತ್ತಿನ ಕೂಲಿ ಬಿಟ್ಟು ಬಂದಿರ್ತಾಳೆ.

ಕೆಲಸ ಇಲ್ಲ ಅನ್ನೋ ನೆಪಕ್ಕೂ ಉತ್ತರ ಬಂದಾಗಿದೆ. ಮೈಯಲ್ಲಿ ಶಕ್ತಿ ಇರೋ ಗಂಡ ಕೂಲಿ ಮಾಡಿಯಾದ್ರೂ ಹೆಂಡತಿ ಮಕ್ಕಳನ್ನ ಸಾಕ್ಬೇಕು, ಆದಾಯ ಇಲ್ಲ ಅಂತ ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅದಕ್ಕೂ ಮುಂಚೆ 2020ರ ನವೆಂಬರ್‌ನಲ್ಲಿ, ಮೇಂಟೆನೆನ್ಸ್ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, ಇಬ್ಬರೂ ಆಸ್ತಿ ಆದಾಯದ ಅಫಿಡವಿಟ್ ಕೊಡ್ಬೇಕು ಅಂತ ಹೇಳಿತ್ತು. ಅಂದ್ರೆ ಗಣಿ ಮುಚ್ತು ಅನ್ನೋ ಸಮಜಾಯಿಷಿ ಕೋರ್ಟಲ್ಲೇ ನಡೆಯಲ್ಲ, ಸಿನಿಮಾ ಪುಟದಲ್ಲಿ ಮಾತ್ರ ನಡೆಯುತ್ತೆ. ಆರ್ಡರ್ ಆದ್ಮೇಲೂ ಕೊಡ್ಲಿಲ್ಲ ಅಂದ್ರೆ ವಾರಂಟ್ ತಗೋಬಹುದು, ಬಾಕಿ ಇರೋ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲಿಗೂ ಹಾಕಬಹುದು, ಆದ್ರೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಕೇಳ್ಕೋಬೇಕು. ಈ ಒಂದು ವರ್ಷದ ವಿಷಯ ತಿಳೀದೆ, ಕೊಡ್ತಾನೆ ಕೊಡ್ತಾನೆ ಅಂತ ಕಾದು ಕಾದು ಹಳೇ ಬಾಕಿ ಕಳ್ಕೊಂಡೋರನ್ನ ನೋಡಿ ಹೊಟ್ಟೆ ಉರಿದಿದೆ ನನಗೆ.

ಈಗ ಸಿನಿಮಾ ಮೇಲೆ ನನ್ನ ತಕರಾರು. ಹೊಗಳಕ್ಕೆ ಅಂತಲೇ ಕಾಗದ ಬರೆದಿಲ್ಲ.

ಅದರಲ್ಲಿ ಅಪ್ಪ ಎಲ್ಲಿದಾನೆ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ ಅನ್ನೋ ಹಾಗೆ ತೋರಿಸಿದಾರೆ, ನಿಗೂಢವಾಗಿ, ಅವನೇನೋ ಗಣಿಯೊಳಗೇ ಮಾಯ ಆದ ಅನ್ನೋ ಥರ. ಸುಳ್ಳು. ಅವನ ತಂಗಿಗೆ ಗೊತ್ತಿರುತ್ತೆ, ತಾಯಿಗೆ ಗೊತ್ತಿರುತ್ತೆ, ಜೊತೆಗೆ ಕೆಲಸ ಮಾಡ್ತಿದ್ದ ಇಬ್ಬರಿಗಾದ್ರೂ ಗೊತ್ತಿರುತ್ತೆ, ಅವರ ಫೋನಲ್ಲಿ ಅವನ ಹೊಸ ನಂಬರ್ ಬೇರೆ ಹೆಸರಲ್ಲಿ ಸೇವ್ ಆಗಿರುತ್ತೆ. ಹಬ್ಬಕ್ಕೆ ಅಮ್ಮನಿಗೆ ಸೀರೆ ಬಂದಿರುತ್ತೆ, ಅದೂ ಸೊಸೆಗೆ ಕಾಣದ ಹಾಗೆ. ಗೊತ್ತಿಲ್ದೇ ಇರೋದು ಹೆಂಡ್ತಿಗೆ ಮಾತ್ರ, ಅವಳಿಗೂ ಎಲ್ಲರಿಗೂ ಗೊತ್ತಿದೆ ಅನ್ನೋದು ಗೊತ್ತಿರುತ್ತೆ. ಅತ್ತೆ ಜೊತೆ ಒಂದೇ ಮನೆಯಲ್ಲಿದ್ಕೊಂಡು, ಅದೇ ಅತ್ತೆಗೆ ಬಿಪಿ ಮಾತ್ರೆ ತಂದ್ಕೊಟ್ಕೊಂಡು, ನಿಮ್ಮ ಮಗ ಎಲ್ಲಿದಾನೆ ಅತ್ತೆ ಅಂತ ಕೇಳಕ್ಕೂ ಆಗ್ದೆ ಬದುಕೋದಿದೆಯಲ್ಲ, ಆ ಸಿನಿಮಾ ತೆಗೀಬೇಕಿತ್ತು ಅವರು. ಒಬ್ಬ ಗಂಡಸು ಒಬ್ಬನೇ ಬಿಟ್ಟು ಹೋಗಕ್ಕಾಗಲ್ಲ, ಹತ್ತು ಜನ ಬಾಯಿ ಮುಚ್ಕೊಂಡಿದ್ರೇನೇ ಆಗೋದು. ಈ ಹತ್ತು ಜನರನ್ನ ಡೈರೆಕ್ಟರ್ ಬಿಟ್ಟುಬಿಟ್ರು, ಅದಕ್ಕೇ ಅವರ ಕತ್ತಲು ಕೆಲವು ಕಡೆ ಬರೀ ಲೈಟಿಂಗ್ ಥರ ಕಾಣಿಸ್ತು ನನಗೆ.

ಇನ್ನೊಂದು, ಆ ಸಿನಿಮಾದಲ್ಲಿ ಹೆಂಗಸರು ಜಾಸ್ತಿ ಹೊತ್ತು ಕೂತಿರ್ತಾರೆ. ಬಾಗಿಲಲ್ಲಿ ಕೂತಿರ್ತಾರೆ, ಸೈನೈಡ್ ಗುಡ್ಡ ನೋಡ್ಕೊಂಡು ಕೂತಿರ್ತಾರೆ. ಅಯ್ಯೋ ಅಷ್ಟು ಪುರುಸೊತ್ತು ಯಾರಿಗಿದೆ? ನಾನು ಹೇಳಿದ ಆ ಟ್ರೈನಲ್ಲಿ ಲೇಡೀಸ್ ಬೋಗಿ ಹತ್ತಿ ನೋಡಿ. ಗಾರ್ಮೆಂಟ್ಸಿಗೆ ಹೋಗೋರು, ಆಫೀಸ್ ಕ್ಲೀನಿಂಗಿಗೆ ಹೋಗೋರು, ಅಪಾರ್ಟ್‌ಮೆಂಟಲ್ಲಿ ಅಡಿಗೆ ಮಾಡೋರು, ಅದರಲ್ಲಿ ಎಷ್ಟು ಜನರ ಗಂಡಂದಿರು ಇದೇ ಟ್ರೈನ್ ಹತ್ತಿ ಹೋಗಿ ಇಳೀದೇ ಇದ್ದೋರೋ ದೇವರಿಗೇ ಗೊತ್ತು. ಸಂಘದ ಸಾಲದ ಕಂತು ಗುರುವಾರ ಅಂದ್ರೆ ಗುರುವಾರ, ಮಗು ಜ್ವರ ಅಂದ್ರೆ ಪಕ್ಕದ ಮನೆಯವರ ಕೈಗೆ, ಹೂ ಕಟ್ಟೋದು, ಹರಟೆ, ಜಗಳ, ಯಾರ್ದೋ ಸೀಮಂತಕ್ಕೆ ದುಡ್ಡು ಎತ್ತೋದು, ನಗೋದು ಕೂಡ, ಜೋರಾಗಿ ನಗ್ತಾರೆ. ನಿಮ್ಮ ವಿಮರ್ಶಕರು ಕೇಳಿದ ಆಶಾಕಿರಣ ಇದಲ್ಲ, ಇದನ್ನ ಆಶಾಕಿರಣ ಅಂತ ಕರೆದ್ರೆ ಅವರೇ ಬೈತಾರೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸಾಯೋದು ಅದು. ಸಿನಿಮಾ ಕತ್ತಲಾಗಿರೋದು ಸರಿ, ಆ ಕತ್ತಲಲ್ಲಿ ಕೈಕಟ್ಟಿ ಕೂತಿರೋದು ಸರಿಯಿಲ್ಲ.

ಕ್ಲೈಮ್ಯಾಕ್ಸ್ ವಿಷಯಕ್ಕೆ ಬಂದ್ರೆ ನಾನು ಪೂರ್ತಿ ಡೈರೆಕ್ಟರ್ ಕಡೆ. ಅಪ್ಪ ಒಂದ್ಸಲನಾದ್ರೂ ವಾಪಸ್ ಬಂದು ಮಗನ ಮುಖ ನೋಡೋ ಹಾಗೆ ಮಾಡ್ಬಹುದಿತ್ತು ಅಂತ ನಿಮ್ಮಲ್ಲಿ ಬರೆದಿದಾರೆ. ಬೇಡ ಸಾರ್, ಅಂಥಾ ಸಿನಿಮಾ ನಮ್ಮಲ್ಲಿ ಎಷ್ಟು ಬಂದಿಲ್ಲ, ಗಡ್ಡ ಬಿಟ್ಕೊಂಡು ಕೆಮ್ಮಿಕೊಂಡು ಬರ್ತಾನೆ, ಹೆಂಡ್ತಿ ಸೆರಗಲ್ಲಿ ಕಣ್ಣೊರೆಸ್ಕೊಂಡು ಊಟಕ್ಕೆ ಬಡಿಸ್ತಾಳೆ, ಮಗ ಮೊದ್ಲು ಮುಖ ತಿರುಗಿಸಿ ಆಮೇಲೆ ಅಪ್ಪಾ ಅಂತ ತಬ್ಕೋತಾನೆ. ಕೆಮ್ಮು ಬಂದ್ಮೇಲೆ ವಾಪಸ್ ಬರೋರು ನಿಜವಾಗ್ಲೂ ಇದಾರೆ, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಆಮೇಲಿನ ಕತೆ ಯಾವ ಸಿನಿಮಾನೂ ಹೇಳಿಲ್ಲ. ಹೆಂಡತಿ ಮಕ್ಕಳು ದುಡ್ಡು ಕೇಳೋ ಅದೇ ಸೆಕ್ಷನ್ ಕೆಳಗೆ, ತಮ್ಮನ್ನ ತಾವು ನೋಡ್ಕೊಳ್ಳಕ್ಕಾಗದ ತಂದೆ ತಾಯಿ ಕೂಡ ಮಕ್ಕಳ ಮೇಲೆ ಅರ್ಜಿ ಹಾಕಬಹುದು. ಅದಲ್ದೆ 2007ರ ಹಿರಿಯ ನಾಗರಿಕರ ಕಾಯ್ದೆ ಬೇರೆ ಇದೆ, ಎಸಿ (ಉಪವಿಭಾಗಾಧಿಕಾರಿ) ಆಫೀಸಲ್ಲಿ ಅರ್ಜಿ. ಇದು ಒಳ್ಳೇ ಕಾನೂನು, ಮಕ್ಕಳು ಬೀದಿಗೆ ಹಾಕಿದ ಎಷ್ಟೋ ಮುದುಕರಿಗೆ ಇದೇ ಗತಿ, ನಾನೇ ಟೈಪ್ ಮಾಡ್ಕೊಟ್ಟಿದೀನಿ. ಆದ್ರೆ ಒಂದ್ಸಲ ಹೀಗೂ ಆಯ್ತು, ತಾಯಿ ಹಾಕಿದ್ದ ಮೇಂಟೆನೆನ್ಸ್ ಅರ್ಜಿಗೆ ಜೆರಾಕ್ಸ್ ಮಾಡಿಸಕ್ಕೆ ಅಮ್ಮನ ಸೆರಗು ಹಿಡ್ಕೊಂಡು ನಮ್ಮ ಅಂಗಡಿಗೆ ಬರ್ತಿದ್ದ ಹುಡುಗ, ದೊಡ್ಡವನಾಗಿ ಕೆಲಸ ಸಿಕ್ಕಿದ ಮೇಲೆ ಅದೇ ಅಪ್ಪನಿಂದ ಬಂದ ನೋಟಿಸ್ ಹಿಡ್ಕೊಂಡು ಬಂದ. ಅಪ್ಪನಿಗೆ ಯಾವತ್ತೂ ಸರ್ವ್ ಆಗದ ನೋಟಿಸು ಮಗನಿಗೆ ಮೊದಲನೇ ಸಲಕ್ಕೇ ಸರ್ವ್ ಆಗಿತ್ತು, ಯಾಕಂದ್ರೆ ಅವನು ಅದೇ ಲೈನ್ ಮನೆಯಲ್ಲೇ ಇದ್ದ, ವಿಳಾಸ ಬದಲಾಗಿರ್ಲಿಲ್ಲ. ಏನ್ ಮಾಡ್ತೀಯಪ್ಪಾ ಅಂದೆ. ಕೊಡ್ತೀನಿ ಅಕ್ಕ, ಆದ್ರೆ ಅಮ್ಮನ ಬಾಕಿ ಮುರ್ಕೊಂಡು ಕೊಡಕ್ಕೆ ಬರುತ್ತಾ ಕೇಳಿ ಅಂದ. ಲಾಯರ್ ನಕ್ರು. ಅವನು ತಮಾಷೆಗೆ ಕೇಳಿರ್ಲಿಲ್ಲ.

ಇಂಥವನಿಗೆ ಅಪ್ಪನ ಮೇಲೆ ಕರುಣೆ ಇರ್ಲಿ ಅಂತ ಹೇಳೋ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ, ಸಿನಿಮಾ ಡೈರೆಕ್ಟರ್‌ಗೂ ಇಲ್ಲ. ಆ ಡೈರೆಕ್ಟರ್ ಹೇಳಿಲ್ಲ, ಅದಕ್ಕೇ ನನಗೆ ಇಷ್ಟ ಆಯ್ತು.

ಇನ್ನೊಂದು ಮಾತು ನಿಮ್ಮ ಪೇಪರಿಗೇ. ಕಾರ್ಖಾನೆ ಮುಚ್ಚೋವಾಗ ನೀವು ಚೆನ್ನಾಗಿ ಬರೀತೀರಿ, ಗೇಟ್ ಮುಂದೆ ಧರಣಿ, ಯೂನಿಯನ್ ಲೀಡರ್ ಫೋಟೋ, ಮಂತ್ರಿ ಭರವಸೆ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಾಗ ಬರೆದ್ರಿ, ಭದ್ರಾವತಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ತೀವಿ ಅಂತ 2023ರಲ್ಲಿ ಅದನ್ನ ನಡೆಸೋ ಸೇಲ್ (SAIL) ಕಂಪನಿ ಹೇಳಿದಾಗ್ಲೂ ಪುಟಗಟ್ಟಲೆ ಬರೆದ್ರಿ. ಕುದುರೆಮುಖ ಕಂಪನಿಯದೇ ಟೌನ್‌ಶಿಪ್ಪು, ಕೆಲಸ ಹೋದ್ರೆ ಸಂಸಾರ ಸಮೇತ ಗಂಟುಮೂಟೆ ಕಟ್ಬೇಕಾಯ್ತು, ಊರಿಗೆ ಊರೇ ಖಾಲಿ. ಕೆಜಿಎಫ್ ಹಾಗಲ್ಲ, ಇಲ್ಲಿ ನಾಲ್ಕು ತಲೆಮಾರು ಬೇರು ಬಿಟ್ಟಿದೆ, ಗಂಡಸು ಹೋದ್ರೂ ಮನೆ ಇಲ್ಲೇ ಇರುತ್ತೆ, ಹಾಗಾಗಿ ಬಿಟ್ಟು ಹೋಗೋದು ಸುಲಭ ಆಯ್ತು, ಅವನ ಜಾಗದಲ್ಲಿ ಬಾಡಿಗೆ ಕೇಳೋರು ಯಾರೂ ಬರ್ಲಿಲ್ಲ. ಇಂಥಾ ವ್ಯತ್ಯಾಸ ಎಲ್ಲ ಗೊತ್ತಾಗ್ಬೇಕಂದ್ರೆ ಬೀಗ ಬಿದ್ದ ದಿನ ಬಂದ್ರೆ ಆಗಲ್ಲ, ಎರಡು ಮೂರು ವರ್ಷ ಆದ್ಮೇಲೆ ಬರ್ಬೇಕು, ಗೇಟ್ ಹತ್ರ ಅಲ್ಲ, ರೇಷನ್ ಅಂಗಡಿ ಹತ್ರ, ಕೋರ್ಟ್ ಹತ್ರ. ನಮ್ಮ ಅಂಗಡಿಗೂ ಬನ್ನಿ, ಹೆಸರು ವಿವರ ಯಾರ್ದೂ ಕೊಡಲ್ಲ, ಟೀ ಕೊಡ್ತೀನಿ.

ಕೊನೇದಾಗಿ ಒಂದು ರಿಕ್ವೆಸ್ಟ್, ನಿಮ್ಮ ಮೂಲಕ ಆ ಸಿನಿಮಾ ಮಾಡಿದವರಿಗೆ. ಬೆಂಗಳೂರಿನ ಮಾಲ್‌ನಲ್ಲಿ ರಾತ್ರಿ ಶೋ ಒಂದೇ ಸಿಕ್ಕಿದ್ದು ಅಂತ ಕೇಳ್ಪಟ್ಟೆ, ಸಣ್ಣ ಸಿನಿಮಾಗಳಿಗೆ ಯಾವಾಗ್ಲೂ ಅದೇ ಗತಿ, ಅವರ ತಪ್ಪಲ್ಲ. ನಾನು ನೆಂಟರ ಮನೆಯಲ್ಲಿ ಉಳ್ಕೊಂಡು ನೋಡ್ದೆ. ಅಷ್ಟೊತ್ತಿಗೆ ನಮ್ಮ ಕಡೆಯವರೆಲ್ಲ ವಾಪಸ್ ಟ್ರೈನ್ ಹತ್ತಿ ಆಗಿರುತ್ತೆ. ಕೆಜಿಎಫ್‌ನಲ್ಲೋ ಬಂಗಾರಪೇಟೆಯಲ್ಲೋ ಯಾವುದಾದ್ರೂ ಥಿಯೇಟರ್ ಇಲ್ಲಾಂದ್ರೆ ಕಲ್ಯಾಣ ಮಂಟಪ ಹಿಡಿದು ಒಂದು ಭಾನುವಾರ ಮಧ್ಯಾಹ್ನ ಹಾಕ್ಲಿ, ಟಿಕೆಟ್ ಐವತ್ತು ರೂಪಾಯಿ ಇಡ್ಲಿ. ಪಾಂಪ್ಲೆಟ್ ಟೈಪ್ ಮಾಡಿ ಜೆರಾಕ್ಸ್ ಹಾಕ್ಕೊಡೋದು ನನ್ನ ಜವಾಬ್ದಾರಿ, ದುಡ್ಡು ಬೇಡ. ತಮಿಳು ಡೈಲಾಗ್ ಜಾಸ್ತಿ ಇದೆ ಅಂತ ಯಾರೋ ತಗಾದೆ ತೆಗೆದಿದ್ರಲ್ಲ, ಇಲ್ಲಿ ಯಾರಿಗೂ ಸಬ್‌ಟೈಟಲ್ ಬೇಕಾಗಲ್ಲ, ನಮ್ಮ ಓಣಿಯಲ್ಲಿ ಜಗಳ ಕನ್ನಡದಲ್ಲಿ ಶುರುವಾಗಿ ತಮಿಳಲ್ಲಿ ಮುಗಿಯುತ್ತೆ.

ಶನಿವಾರ ಮಾತ್ರ ಬೇಡ, ಸುಮಾರು ಜನರಿಗೆ ಅವತ್ತೂ ಡ್ಯೂಟಿ ಇರುತ್ತೆ.

ಇಂತಿ ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ಕೋಲಾರ ಜಿಲ್ಲೆ